ಜೇನಿನ ಮುಳ್ಳು ಮತ್ತು ಉತ್ತಮ ಕ್ಷಮೆ

ಉಪವಾಸವು ನಾವಾಗಿಯೇ ಬಯಸಿ ಕೈಗೊಳ್ಳುವ ತಪಸ್ಸು. ತಿಥಿಯನ್ನು ನೋಡಿ, ಜಿನಬಿಂಬದ ಮುಂದೆ ಸಂಕಲ್ಪ ಮಾಡಿ, ಹಿಂದಿನ ದಿನವೇ ಏಕಭುಕ್ತದಿಂದ ದೇಹವನ್ನು ಅಣಿಗೊಳಿಸಿ, ಪಾರಣೆಯ ಹೊತ್ತನ್ನೂ ಗೊತ್ತುಮಾಡಿಕೊಂಡು ನಾವು ಹಸಿವನ್ನು ಎದುರುಗೊಳ್ಳುತ್ತೇವೆ. ಅಂತಹ ಹಸಿವು ತಿಥಿ ನೋಡಿ ಬರುವ ನೆಂಟ. ಆದರೆ ಜೀವನದಲ್ಲಿ ತಿಥಿಯನ್ನು ನೋಡದೆಯೇ ಬರುವ ಅತಿಥಿಗಳೂ ಇದ್ದಾರೆ. ನೋವು, ನಿಂದೆ, ರೋಗ, ಅಪಘಾತ ಇವು ನಮ್ಮ ಸಂಕಲ್ಪವನ್ನು ಕೇಳಿ ಬರುವುದಿಲ್ಲ. ವ್ರತವು ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂಬುದು ಕರೆದು ತಂದ ಹಸಿವಿಗಿಂತ ಕರೆಯದೆ ಬಂದ ನೋವಿನ ಮುಂದೆಯೇ ಹೆಚ್ಚಾಗಿ ತಿಳಿಯುತ್ತದೆ.

ನಮ್ಮ ಆಚಾರ್ಯರು ಈ ಭೇದವನ್ನು ಸ್ಪಷ್ಟವಾಗಿ ಕಂಡಿದ್ದರು. ಅನಶನವು ಆರು ಬಾಹ್ಯ ತಪಗಳಲ್ಲಿ ಮೊದಲನೆಯದು, ಅದು ಕೈಗೊಳ್ಳುವಂಥದು. ಪರೀಷಹವಾದರೋ ತಾನಾಗಿ ಬಂದೊದಗುವಂಥದು, ಅದನ್ನು ಗೆಲ್ಲಬೇಕು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು 22 ಪರೀಷಹಗಳನ್ನು ಎಣಿಸುತ್ತದೆ. ಕ್ಷುಧೆ ಅವುಗಳಲ್ಲಿ ಮೊದಲನೆಯದು. ದಂಶಮಶಕ, ಎಂದರೆ ಕಚ್ಚುವ ಕೀಟಗಳ ಬಾಧೆ, ಐದನೆಯದು. ದಂಶಮಶಕವೆಂಬ ಮಾತು ಸೊಳ್ಳೆಗಷ್ಟೇ ಸಲ್ಲುವುದಲ್ಲ. ನೊಣ, ತಿಗಣೆ, ಇರುವೆ, ಚೇಳು ಮೊದಲಾದ ಎಲ್ಲ ಕಚ್ಚುವ ಪ್ರಾಣಿಗಳಿಗೂ ಸಲ್ಲುತ್ತದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಆದುದರಿಂದ ಜೇನುನೊಣದ ಒಂದು ಕುಟುಕು ನಮಗೆ ಕ್ಷುಲ್ಲಕವಾಗಿ ಕಂಡರೂ ಶಾಸ್ತ್ರದಲ್ಲಿ ಅದಕ್ಕೊಂದು ಸ್ಥಾನವುಂಟು.

ಹೀಗೊಂದು ಪ್ರಸಂಗವನ್ನು ಭಾವಿಸೋಣ. ಭಾದ್ರಪದ ಶುದ್ಧ ಪಂಚಮಿ. ದಶಲಕ್ಷಣ ಪರ್ವದ ಮೊದಲ ದಿನ. ಅಂದಿನ ಧರ್ಮ ಉತ್ತಮ ಕ್ಷಮೆ. ಮನೆಯ ಗೃಹಿಣಿ ಉಪವಾಸದಲ್ಲಿದ್ದಾಳೆ. ಅಭಿಷೇಕಕ್ಕಾಗಿ ಬಾವಿಯಿಂದ ನೀರು ಸೇದುವಾಗ ಜೇನುನೊಣವೊಂದು ಅವಳ ಕೈಗೆ ಕುಟುಕುತ್ತದೆ. ಹಿತ್ತಿಲ ಸೂರಿನಡಿ ಜೇನು ಕಟ್ಟಿರುವುದು ಮನೆಯವರಿಗೆ ಆಗ ಕಣ್ಣಿಗೆ ಬೀಳುತ್ತದೆ. ಕೈ ಊದಿಕೊಳ್ಳುತ್ತದೆ, ಉರಿ ಏರುತ್ತದೆ. “ಉಪವಾಸವಲ್ಲವೆ, ಔಷಧ ಬೇಡ, ಸಹಿಸಿಕೊಳ್ಳುತ್ತೇನೆ” ಎನ್ನುತ್ತಾಳೆ ಅವಳು. “ಸಂಜೆಯಾಗಲಿ, ಪಂಜು ಹಿಡಿದು ಗೂಡನ್ನೇ ಸುಟ್ಟುಬಿಡುತ್ತೇನೆ” ಎನ್ನುತ್ತಾನೆ ಮಗ. ಮನೆಯ ಹಿರಿಯರು ಇಬ್ಬರ ಮಾತನ್ನೂ ಕೇಳಿ ಸುಮ್ಮನಿದ್ದಾರೆ. ಇಂತಹ ಪ್ರಸಂಗ ಯಾರ ಮನೆಯಲ್ಲಾದರೂ ನಡೆಯಬಹುದು. ಇಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಆ ನೊಣ ಅಪರಾಧಿಯೆ? ನೋವಿಗೆ ಚಿಕಿತ್ಸೆ ಮಾಡಿಕೊಂಡರೆ ವ್ರತಕ್ಕೆ ಕುಂದೆ? ಗೂಡನ್ನು ಏನು ಮಾಡಬೇಕು?

ಮೊದಲು ನೊಣದ ಕಡೆಗೆ ನೋಡೋಣ. ನಮ್ಮ ಆಗಮದಲ್ಲಿ ಭ್ರಮರವು ಚತುರಿಂದ್ರಿಯ ಜೀವ. ಸ್ಪರ್ಶ, ರಸನ, ಘ್ರಾಣ, ಚಕ್ಷುಗಳೆಂಬ ನಾಲ್ಕು ಇಂದ್ರಿಯಗಳು ಅದಕ್ಕುಂಟು. ಹಿತಾಹಿತವನ್ನು ವಿಚಾರಿಸುವ ಮನಸ್ಸು ಇಲ್ಲ. ಆಹಾರ, ಭಯ, ಮೈಥುನ, ಪರಿಗ್ರಹಗಳೆಂಬ ನಾಲ್ಕು ಸಂಜ್ಞೆಗಳು ಮಾತ್ರ ಅದರಲ್ಲಿಯೂ ಇವೆ. ಅದು ಕುಟುಕುವುದು ಭಯಸಂಜ್ಞೆಯಿಂದ, ದ್ವೇಷವನ್ನು ಯೋಚಿಸಿಯಲ್ಲ. ಇನ್ನು ಇಂದಿನ ಜೀವಶಾಸ್ತ್ರ ಹೇಳುವುದನ್ನೂ ಕೇಳಬೇಕು. ಗೂಡಿನ ಕೆಲಸಗಾರ ನೊಣಗಳೆಲ್ಲ ಹೆಣ್ಣುಗಳು. ದುಡಿಮೆಯ ಕಾಲದಲ್ಲಿ ಅವುಗಳ ಆಯುಷ್ಯ ಸುಮಾರು ಆರು ವಾರಗಳು. ಅವುಗಳ ಮುಳ್ಳಿಗೆ ಗರಗಸದಂತಹ ಹಿಮ್ಮುಖ ಹಲ್ಲುಗಳಿವೆ. ಮನುಷ್ಯನ ಚರ್ಮದಲ್ಲಿ ಆ ಮುಳ್ಳು ಸಿಕ್ಕಿಕೊಂಡರೆ ಹೊರಬರುವುದಿಲ್ಲ. ನೊಣ ಹಾರಲೆಳಸಿದಾಗ ಮುಳ್ಳಿನೊಡನೆ ವಿಷದ ಚೀಲವೂ ಒಡಲಿನ ಭಾಗವೂ ಕಿತ್ತುಬರುತ್ತದೆ. ನೊಣ ಸ್ವಲ್ಪ ಹೊತ್ತಿನಲ್ಲಿಯೇ ಸಾಯುತ್ತದೆ. ನಮಗಾದ ನಷ್ಟ ಒಂದೆರಡು ದಿನಗಳ ಬಾವು. ಅದಕ್ಕಾದ ನಷ್ಟ ಅದರ ಪ್ರಾಣ. ಅಪರಾಧಕ್ಕೆ ಶಿಕ್ಷೆಯಾಗಬೇಕೆಂದು ವಾದಿಸುವವರು ಕೂಡ ಇಲ್ಲಿ ಶಿಕ್ಷಿಸಲು ಯಾರನ್ನೂ ಕಾಣಲಾರರು. ಕುಟುಕಿದ ಜೀವ ಆಗಲೇ ಹೊರಟುಹೋಗಿದೆ.

ಇಲ್ಲಿ ಇನ್ನೊಂದು ಸಂಗತಿ ಚಿಂತನಾರ್ಹವಾಗಿದೆ. ನೊಣ ಹೋದ ಮೇಲೂ ಚರ್ಮದಲ್ಲಿ ಉಳಿದ ವಿಷದ ಚೀಲ ತನ್ನಷ್ಟಕ್ಕೆ ಮಿಡಿಯುತ್ತಲೇ ಇರುತ್ತದೆ. ಮುಳ್ಳನ್ನು ತೆಗೆಯುವವರೆಗೆ ವಿಷವನ್ನು ಒಳಕ್ಕೆ ಒತ್ತುತ್ತದೆ. ಬಹುಭಾಗ ವಿಷ ಮೊದಲ ಕೆಲವೇ ಕ್ಷಣಗಳಲ್ಲಿ ಇಳಿದುಬಿಡುವುದರಿಂದ ಮುಳ್ಳನ್ನು ಹೇಗೆ ತೆಗೆದೆವೆಂಬುದಕ್ಕಿಂತ ಎಷ್ಟು ಬೇಗ ತೆಗೆದೆವೆಂಬುದೇ ಮುಖ್ಯವೆಂದು ವೈದ್ಯರು ಹೇಳುತ್ತಾರೆ. ಕಷಾಯದ ಸ್ವಭಾವವೂ ಇದೇ. ನೋಯಿಸಿದವರು ಹೊರಟುಹೋಗಿರುತ್ತಾರೆ, ಅವರು ಬಿಟ್ಟುಹೋದ ಮಾತು ನಮ್ಮೊಳಗೆ ಮಿಡಿಯುತ್ತಲೇ ಇರುತ್ತದೆ. ಅದನ್ನು ಕೀಳದೆ ಬಿಟ್ಟು, ನೋವು ಏಕೆ ಹೋಗಲಿಲ್ಲವೆಂದು ಕೇಳುತ್ತೇವೆ.

ಕರ್ಮಸಿದ್ಧಾಂತದ ದೃಷ್ಟಿಯಿಂದ ನೋಡಿದರೆ ಕುಟುಕಿನ ವೇದನೆಗೆ ಅಂತರಂಗ ಕಾರಣ ಅಸಾತಾವೇದನೀಯದ ಉದಯ. ನೊಣ ಹೊರಗಿನ ನಿಮಿತ್ತ ಮಾತ್ರ. ಉದಯಕ್ಕೆ ಬಂದ ಕರ್ಮ ತನ್ನ ಫಲವನ್ನು ಕೊಟ್ಟು ಕಳಚಿಕೊಳ್ಳುತ್ತದೆ. ಅಷ್ಟಕ್ಕೇ ಬಿಟ್ಟರೆ ಹಳೆಯ ಸಾಲವೊಂದು ತೀರಿದಂತೆ. ಆದರೆ ನಾವು ಅಷ್ಟಕ್ಕೇ ಬಿಡುವುದು ವಿರಳ. “ನನಗೇ ಏಕೆ ಹೀಗಾಯಿತು, ಅದೂ ಪರ್ವದ ದಿನ” ಎಂದು ನೋವನ್ನೇ ಮತ್ತೆ ಮತ್ತೆ ನೆನೆಯುವುದು ಆರ್ತಧ್ಯಾನ. “ಒಂದನ್ನೂ ಉಳಿಸುವುದಿಲ್ಲ” ಎಂದು ಹಿಂಸೆಯಲ್ಲಿಯೇ ಸಂತೋಷಪಡುವುದು ರೌದ್ರಧ್ಯಾನ. ನೋವು ಹಳೆಯ ಸಾಲದ ತೀರುವಳಿಯಾದರೆ ಇವೆರಡೂ ಹೊಸ ಸಾಲಗಳು. ನೊಣ ಕೊಟ್ಟದ್ದು ವೇದನೆಯನ್ನು ಮಾತ್ರ. ಬಂಧವನ್ನು ಕೊಡುವ ಶಕ್ತಿ ಅದಕ್ಕಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅಸಾತಾ ಕರ್ಮದ ಉದಯವೆಂಬ ವಿಚಾರವನ್ನು ನಾವು ನಮಗೆ ಹೇಳಿಕೊಂಡರೆ ಅದು ಔಷಧ. ನೋಯುತ್ತಿರುವ ಇನ್ನೊಬ್ಬರಿಗೆ ಹೇಳಿದರೆ ಅದು ಇನ್ನೊಂದು ಮುಳ್ಳು. ಉರಿಯಿಂದ ನರಳುವ ಮಗುವಿನ ಮುಂದೆ ನಿಂತು “ನಿನ್ನ ಕರ್ಮ” ಎನ್ನುವುದು ತತ್ತ್ವಜ್ಞಾನವಲ್ಲ, ನಿರ್ದಯತೆ. ಪರರ ನೋವಿನ ಮುಂದೆ ಶ್ರಾವಕನ ಕರ್ತವ್ಯ ಕರ್ಮದ ವ್ಯಾಖ್ಯಾನವಲ್ಲ, ಸೇವೆ.

ಎರಡನೆಯ ಪ್ರಶ್ನೆ ಚಿಕಿತ್ಸೆಯದು. ಸಹಿಸುವುದೇ ಧರ್ಮವಾದರೆ ಮುಳ್ಳನ್ನೇಕೆ ಕೀಳಬೇಕು? ಈ ಸಂದೇಹ ಭಕ್ತಿಯಿಂದ ಹುಟ್ಟಿದ್ದು; ಅದನ್ನು ಹಗುರವಾಗಿ ಕಾಣಬಾರದು. ಸಿಯಾಳಗಳು ತಿನ್ನುತ್ತಿದ್ದರೂ ಕದಲದ ಸುಕುಮಾರಸ್ವಾಮಿಯ ಕಥೆಯನ್ನು ನಾವು ವಡ್ಡಾರಾಧನೆಯಿಂದ ಬಲ್ಲೆವು. ಬಳ್ಳಿ ಹಬ್ಬಿ ಹುತ್ತ ಬೆಳೆದರೂ ಪ್ರತಿಮಾಯೋಗದಲ್ಲಿ ನಿಂತ ಬಾಹುಬಲಿಯನ್ನು ಶ್ರವಣಬೆಳಗೊಳದಲ್ಲಿ ಕಣ್ಣಾರೆ ಕಂಡಿದ್ದೇವೆ. ಆದರೆ ಅವರು ಸರ್ವಸಂಗವನ್ನು ಪರಿತ್ಯಜಿಸಿದ ಮುನಿಗಳು. ಪರೀಷಹಜಯದ ಉದ್ದೇಶ ಮಾರ್ಗದಿಂದ ಜಾರದಿರುವುದು ಮತ್ತು ಕರ್ಮನಿರ್ಜರೆ, ನೋವನ್ನು ಕೂಡಿಡುವುದಲ್ಲ. ಮುನಿಗಳ ಸ್ಥೈರ್ಯವನ್ನು ಗೃಹಸ್ಥನು ಪೂಜಿಸಬೇಕು, ಭಾವಿಸಬೇಕು. ಅವರ ಅಂತರಂಗದ ಸಮತೆಯಿಲ್ಲದೆ ಹೊರಗಿನ ಸಹನೆಯನ್ನು ಮಾತ್ರ ಅನುಕರಿಸಿದರೆ ಅದರಲ್ಲಿ ಮಾನಕಷಾಯ ಸೇರಿಕೊಳ್ಳುವ ಭಯವಿದೆ. “ನಾನು ಎಷ್ಟು ಸಹಿಸಿದೆ” ಎಂಬ ಲೆಕ್ಕವೂ ಒಂದು ಪರಿಗ್ರಹವೇ.

ನಮ್ಮ ಧರ್ಮವು ಚಿಕಿತ್ಸೆಯನ್ನು ಎಂದೂ ಹೀಗಳೆದಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧವೂ ಒಂದು. ದಿಗಂಬರ ಆಚಾರ್ಯರಾದ ಉಗ್ರಾದಿತ್ಯರು ರಾಷ್ಟ್ರಕೂಟರ ಕಾಲದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ಔಷಧದ ನೆಪದಲ್ಲಿ ಮಾಂಸವನ್ನು ಸೇವಿಸುವುದು ಸಲ್ಲದೆಂದು ಅದರಲ್ಲಿ ವಾದಿಸಿದರು. ರೋಗಶಮನ ಬೇಕು, ಆದರೆ ಹಿಂಸೆಯ ಬೆಲೆಯನ್ನು ತೆತ್ತು ಬೇಡ ಎಂಬುದು ನಮ್ಮ ಪರಂಪರೆಯ ನಿಲುವು. ದಾನವಾಗಿ ಕೊಟ್ಟರೆ ಪುಣ್ಯವಾಗುವ ಔಷಧ, ತಾನು ತೆಗೆದುಕೊಂಡರೆ ಹೇಗೆ ಪಾಪವಾದೀತು?

ಆದ್ದರಿಂದ ಮುಳ್ಳನ್ನು ಉಗುರಿನಿಂದಲೋ ಗಟ್ಟಿ ಕಾಗದದ ಅಂಚಿನಿಂದಲೋ ತಡಮಾಡದೆ ತೆಗೆಯಬೇಕು. ಸಾಬೂನು ನೀರಿನಿಂದ ತೊಳೆದು ತಣ್ಣನೆಯ ಬಟ್ಟೆಯನ್ನು ಇಡಬೇಕು. ಕೈ ಊದುವ ಮೊದಲೇ ಬಳೆ, ಉಂಗುರಗಳನ್ನು ಕಳಚಬೇಕು. ಇವಾವುವೂ ಬಾಯಿಗೆ ಹೋಗುವಂಥವಲ್ಲ. ಉಪವಾಸಕ್ಕೆ ಇವುಗಳಿಂದ ಯಾವ ಬಾಧೆಯೂ ಇಲ್ಲ. ಆದರೆ ಕೆಲವರ ದೇಹಕ್ಕೆ ಜೇನಿನ ವಿಷ ಒಗ್ಗುವುದಿಲ್ಲ. ಉಸಿರು ಕಟ್ಟುವುದು, ಮುಖ ತುಟಿ ನಾಲಿಗೆ ಊದುವುದು, ಮೈಯೆಲ್ಲ ದದ್ದು ಏಳುವುದು, ತಲೆ ತಿರುಗಿ ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು ಪ್ರಾಣವನ್ನು ಉಳಿಸುತ್ತದೆ. ಹೆಜ್ಜೇನುಗಳ ಹಿಂಡು ಮುತ್ತಿ ಅನೇಕ ಕಡೆ ಕುಟುಕಿದಾಗಲೂ ಹಾಗೆಯೇ. ಇಂತಹ ಹೊತ್ತಿನಲ್ಲಿ ಉಪವಾಸವೆಂದು ಹಿಂಜರಿಯುವುದು ವ್ರತನಿಷ್ಠೆಯಲ್ಲ. ಸಲ್ಲೇಖನದ ಮರಣ ಬೇರೆ, ಅಲಕ್ಷ್ಯದಿಂದಾಗುವ ಮರಣ ಬೇರೆ. ತಡೆಯಬಹುದಾದ ಸಾವಿಗೆ ವ್ರತದ ಹೆಸರನ್ನಿಟ್ಟರೆ ವ್ರತಕ್ಕೇ ಅಪಚಾರ. ಬದುಕಿ ಉಳಿದರೆ ಗುರುಗಳ ಬಳಿ ಪ್ರಾಯಶ್ಚಿತ್ತವನ್ನು ಕೇಳಬಹುದು. ಮತ್ತೊಂದು ಪಂಚಮಿಯಂದು ಉಪವಾಸವನ್ನೂ ಮಾಡಬಹುದು.

ಇನ್ನು ಮೂರನೆಯ ಪ್ರಶ್ನೆ. ಇದೇ ಎಲ್ಲಕ್ಕಿಂತ ಕಠಿಣ. ಗೂಡನ್ನು ಏನು ಮಾಡಬೇಕು?

ಗೃಹಸ್ಥನ ಹಿಂಸೆಯನ್ನು ನಮ್ಮಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಅಡಿಗೆ, ಗುಡಿಸುವುದು ಮೊದಲಾದ ಮನೆಗೆಲಸದಲ್ಲಿ ಆಗುವುದು ಆರಂಭೀ. ಜೀವನೋಪಾಯದ ಕಾಯಕದಲ್ಲಿ ಆಗುವುದು ಉದ್ಯೋಗೀ. ಆಕ್ರಮಣದಿಂದ ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧೀ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ. ಮೊದಲ ಮೂರನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ. ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ಸಂಕಲ್ಪೀ ಹಿಂಸೆಯನ್ನು ಮಾತ್ರ ಅಣುವ್ರತಿಯೂ ಸಂಪೂರ್ಣವಾಗಿ ತ್ಯಜಿಸಬೇಕು. ಗೂಡನ್ನು ಸುಡುತ್ತೇನೆನ್ನುವ ಮಗನು ತನ್ನದು ವಿರೋಧೀ ಹಿಂಸೆಯೆಂದು ಹೇಳಬಹುದು. ಅದು ನಿಜವೆ? ನೊಣ ಕೈಮೇಲೆ ಕುಳಿತಾಗ ಕೊಡವಿದರೆ ಅದು ರಕ್ಷಣೆ. ಕುಟುಕಿದ ನೊಣ ಸತ್ತ ಮೇಲೆ, ಹಗಲೆಲ್ಲ ಕಾದು, ಕತ್ತಲಾದಾಗ, ಕುಟುಕದೆ ಇರುವ ಸಾವಿರಾರು ನೊಣಗಳಿಗೂ ಕಣ್ಣು ತೆರೆಯದ ಮರಿಗಳಿಗೂ ಪಂಜನ್ನು ಒಡ್ಡಿದರೆ ಅದು ರಕ್ಷಣೆಯಲ್ಲ, ಪ್ರತೀಕಾರ. ಬೆಳಗಿನಿಂದ ಸಂಜೆಯವರೆಗೆ ಮನಸ್ಸಿನಲ್ಲಿ ಇಟ್ಟುಕೊಂಡ ಆ ನಿಶ್ಚಯಕ್ಕೆ ಸಂಕಲ್ಪವಲ್ಲದೆ ಬೇರೆ ಹೆಸರಿಲ್ಲ.

ಸಂಕಲ್ಪದ ಭಾರ ಎಷ್ಟೆಂಬುದನ್ನು ಯಶೋಧರನ ಕಥೆ ನಮಗೆ ಕಲಿಸಿದೆ. ಜನ್ನ ಕವಿ 1209ರಲ್ಲಿ ಈ ಕಥೆಯನ್ನು ಕನ್ನಡದಲ್ಲಿ ಹಾಡಿದನು. ಜೀವದಯಾಷ್ಟಮಿಯ ನೋಂಪಿಯೊಡನೆ ಇದನ್ನು ಕೂಡಿಸಿ ಹೇಳುವ ವಾಡಿಕೆಯುಂಟು. ಯಶೋಧರ, ಚಂದ್ರಮತಿಯರು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಹಿಟ್ಟಿನಲ್ಲಿ ಜೀವವಿರಲಿಲ್ಲ, ಕೊಲ್ಲುವ ಭಾವವಿತ್ತು. ಅಷ್ಟಕ್ಕೇ ತಾಯಿ ಮಕ್ಕಳು ತಿರ್ಯಂಚ ಜನ್ಮಗಳಲ್ಲಿ ಒಂದರ ಮೇಲೊಂದು ಅಲೆದು ಅಲೆದು ನೊಂದರು. ಹಿಟ್ಟಿನ ಕೋಳಿಗೇ ಇಷ್ಟಾದರೆ ಜೀವ ತುಂಬಿದ ಗೂಡಿಗೆ ಎಷ್ಟು?

ಇನ್ನೊಂದು ಮಾತು. ಮಧುತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಸೇರಿದೆ. ಜೇನಿನ ಹನಿಯನ್ನು ತಿನ್ನುವ ಪಾಪವು ಏಳು ಗ್ರಾಮಗಳನ್ನು ಸುಟ್ಟ ಪಾಪಕ್ಕಿಂತ ಮಿಗಿಲೆಂಬ ಭಾವದ ಮಾತನ್ನು ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಹೇಳಿದ್ದಾರೆ. ನಮ್ಮ ಮನೆಗಳಲ್ಲಿ ವೈದ್ಯರು ಔಷಧಕ್ಕೆ ಅನುಪಾನವಾಗಿ ಜೇನನ್ನು ಹೇಳಿದರೂ ನಾವು ಸಕ್ಕರೆ ಪಾಕವನ್ನು ಕೇಳಿ ಪಡೆಯುತ್ತೇವೆ. ಹೀಗೆ ನಾಲಗೆಯಿಂದ ಮಧುವನ್ನು ಬಿಟ್ಟವರು ಕೈಯಿಂದ ಗೂಡಿಗೆ ಬೆಂಕಿಯಿಡಬಹುದೆ? ಜೇನನ್ನು ಬಿಟ್ಟದ್ದು ಅದು ಸಿಹಿಯೆಂದಲ್ಲ, ಅದರ ಹಿಂದೆ ಜೀವಗಳ ಘಾತವಿದೆಯೆಂದು. ಘಾತವನ್ನು ಉಳಿಸಿಕೊಂಡು ಸಿಹಿಯನ್ನು ಮಾತ್ರ ಬಿಟ್ಟರೆ ತ್ಯಾಗದ ಸಿಪ್ಪೆ ಉಳಿದು ತಿರುಳು ಹೋದಂತೆ. ಹೂವಿಗೆ ನೋವಾಗದಂತೆ ರಸವನ್ನು ಕೊಳ್ಳುವ ದುಂಬಿಯ ಹೆಸರಿನಿಂದಲೇ ನಮ್ಮ ಮುನಿಗಳ ಆಹಾರಚರ್ಯೆಗೆ ಭ್ರಾಮರೀ ವೃತ್ತಿಯೆಂಬ ಹೆಸರು ಬಂದಿದೆಯೆಂಬುದನ್ನೂ ಮರೆಯಲಾಗದು.

ಹಾಗಾದರೆ ಗೃಹಸ್ಥನು ಅಪಾಯವನ್ನು ಕಂಡೂ ಕಾಣದಂತಿರಬೇಕೆ? ಅಲ್ಲ. ಗೂಡಿನ ಬಳಿ ಹೊಗೆಯೆಬ್ಬಿಸದಿರುವುದು, ಮಕ್ಕಳು ಕಲ್ಲೆಸೆಯದಂತೆ ನೋಡಿಕೊಳ್ಳುವುದು, ಕೆಲವು ದಿನ ಆ ದಾರಿಯನ್ನು ಬಿಟ್ಟು ನಡೆಯುವುದು ಇವು ಮೊದಲ ಉಪಾಯಗಳು. ಹೆಜ್ಜೇನು ಕಾಲಕ್ಕೆ ತಕ್ಕಂತೆ ವಲಸೆ ಹೋಗುವ ಜಾತಿ. ಕಟ್ಟಿದ ಗೂಡನ್ನು ಬಿಟ್ಟು ತಾನೇ ಹೊರಡುತ್ತದೆ. ತುಡುವೆ ಜೇನಾದರೆ ಬಲ್ಲವರು ಅದನ್ನು ಕೊಲ್ಲದೆ ಪೆಟ್ಟಿಗೆಗೆ ಕೂಡಿಸಿ ಬೇರೆಡೆಗೆ ಒಯ್ಯಬಲ್ಲರು. ಮನೆಯಲ್ಲಿ ಜೇನಿನ ವಿಷ ಒಗ್ಗದ ಮಗುವಿದ್ದು, ಗೂಡು ಬಾಗಿಲಿನ ಮೇಲೆಯೇ ಇದ್ದು, ಕಾಯಲು ಅವಕಾಶವೇ ಇಲ್ಲದಿದ್ದರೆ ಆಗ ಮಾತ್ರ ವಿರೋಧೀ ಹಿಂಸೆಯ ಪ್ರಶ್ನೆ ನಿಜವಾಗಿ ಎದುರಾಗುತ್ತದೆ. ಅಲ್ಲಿಯೂ ಗೃಹಸ್ಥನು ಎಲ್ಲ ಬೇರೆ ದಾರಿಗಳನ್ನು ನೋಡಿ, ಅನಿವಾರ್ಯವಾದಷ್ಟನ್ನೇ, ದುಃಖದಿಂದ ಮಾಡುತ್ತಾನೆ, ಸಡಗರದಿಂದಲ್ಲ. ಬಾಹುಬಲಿಯು ಮಲ್ಲಯುದ್ಧದಲ್ಲಿ ಭರತನನ್ನು ಮೇಲೆತ್ತಿದಾಗ ನೆಲಕ್ಕೆ ಅಪ್ಪಳಿಸುವ ಶಕ್ತಿ ಅವನಿಗಿತ್ತು. ಅವನು ಅಣ್ಣನನ್ನು ಮೆಲ್ಲನೆ ಇಳಿಸಿದನು. ಗೆಲವು ಆಗಿಹೋದ ಮೇಲಿನ ಒಂದು ಪೆಟ್ಟೂ ಯುದ್ಧಕ್ಕೆ ಸೇರಿದುದಲ್ಲ, ಕೋಪಕ್ಕೆ ಸೇರಿದುದು ಎಂಬ ವಿವೇಕ ಆ ಮೆಲ್ಲನೆ ಇಳಿಸಿದ ಕೈಗಳಲ್ಲಿದೆ.

ಜೇನಿನ ವಿಷದಿಂದ ಕೀಲುನೋವು ಮೊದಲಾದ ರೋಗಗಳು ಗುಣವಾಗುತ್ತವೆಂದು ಬಗೆದು ನೊಣಗಳನ್ನು ಹಿಡಿದು ಬೇಕೆಂದೇ ಕುಟುಕಿಸಿಕೊಳ್ಳುವ ಪದ್ಧತಿಯೂ ಲೋಕದಲ್ಲಿದೆ. ಅದರಿಂದ ಪ್ರಾಣಾಪಾಯವಾದದ್ದೂ ಉಂಟು. ಆ ಮಾತು ಹಾಗಿರಲಿ. ಒಂದೊಂದು ಕುಟುಕಿಗೂ ಒಂದೊಂದು ನೊಣ ಸಾಯುವುದರಿಂದ ಶ್ರಾವಕನಿಗೆ ಆ ಚಿಕಿತ್ಸೆ ಸಲ್ಲದು. ಜೇನಿನ ಮುಳ್ಳಿನಲ್ಲಿ ನಮಗೆ ದೊರೆಯುವ ಆರೋಗ್ಯ ವಿಷದಿಂದ ಬರುವುದಲ್ಲ. ಅದು ಬಂದ ಮೇಲೆ ನಾವು ನಡೆದುಕೊಳ್ಳುವ ರೀತಿಯಿಂದ ಬರುವುದು.

ಆ ಆರೋಗ್ಯವನ್ನು ಅಳೆಯುವ ಒಂದು ಮಾನದಂಡವನ್ನೂ ಆಚಾರ್ಯರು ಕೊಟ್ಟಿದ್ದಾರೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧವನ್ನು ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ ಎಂದು ನಾಲ್ಕು ತರವಾಗಿ ಹೋಲಿಸುತ್ತಾರೆ. ಕೋಪ ಇಳಿದ ಮೇಲೂ ಒಳಗೆ ಉಳಿಯುವ ಅದರ ಸಂಸ್ಕಾರಕ್ಕೆ ವಾಸನೆಯೆಂದು ಹೆಸರು. ಸಂಜ್ವಲನದ ವಾಸನೆ ಒಂದು ಅಂತರ್ಮುಹೂರ್ತ, ಎಂದರೆ 48 ನಿಮಿಷಗಳೊಳಗೆ ಅಳಿಯುತ್ತದೆ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು, ಅನಂತಾನುಬಂಧಿಯದು ಭವಭವಾಂತರಗಳವರೆಗೆ. ದೇಶವ್ರತಿಯಾದ ಶ್ರಾವಕನಲ್ಲಿ ಕೊನೆಯ ಎರಡಕ್ಕೆ ಉದಯವಿರಬಾರದು. ಎಂದರೆ ವ್ರತಿಯ ಕೋಪದ ವಾಸನೆ ಹದಿನೈದು ದಿನಗಳನ್ನು ಮೀರಬಾರದು. ಕುಟುಕಿನ ಬಾವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ನಮ್ಮ ಕೋಪಕ್ಕೆ ಎಷ್ಟು ದಿನ ಬೇಕು? ಮನೆಯ ಅಂಗಳದ ಗಡಿಗಾಗಿ, ಪಾಲಿನ ಜಗಳಕ್ಕಾಗಿ, ಮದುವೆಯ ಮನೆಯಲ್ಲಿ ಆಡಿದ ಒಂದು ಮಾತಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಪ್ರತಿ ಅಷ್ಟಮಿ ಚತುರ್ದಶಿಗಳಂದು ನಿರಾಹಾರರಾಗಿದ್ದರೆ, ಅವರ ಹಸಿವು ನಿಜವಾದರೂ ವ್ರತವು ಪ್ರಶ್ನಾರ್ಹವಾಗಿಯೇ ಉಳಿಯುತ್ತದೆ.

ಕಾಲಿಗೆ ತಾಗುವ ಮುಳ್ಳು, ಹೆಜ್ಜೆಗೆ ಎಡಹುವ ಕಲ್ಲು, ಕೈಗೆ ಇಳಿಯುವ ಜೇನಿನ ಕೊಂಡಿ ಇವೆಲ್ಲ ಸಣ್ಣ ನೋವುಗಳು. ಸಣ್ಣವಾಗಿರುವುದೇ ಅವುಗಳ ಉಪಕಾರ. ದೊಡ್ಡ ನೋವಿನ ಮುಂದೆ ಅಭ್ಯಾಸಕ್ಕೆ ಸಮಯವಿರುವುದಿಲ್ಲ. ನೊಣದ ಮೇಲಿನ ಕೋಪವನ್ನು ಒಂದು ಮುಹೂರ್ತದಲ್ಲಿ ಬಿಡಲು ಕಲಿತವನು ನೆರೆಯವನ ಮೇಲಿನ ಕೋಪವನ್ನು ಒಂದು ಪಕ್ಷದಲ್ಲಿ ಬಿಡಬಲ್ಲನು. ಅದನ್ನೂ ಬಲ್ಲವನಿಗೆ ಅಂತ್ಯಕಾಲದ ವೇದನೆಯಲ್ಲಿ ಸಮತೆ ದೊರೆಯುವ ಆಶೆಯುಂಟು.

ಆದುದರಿಂದ ನೊಂದವರಿಗೆ ಔಷಧ, ಗೂಡಿಗೆ ಅಭಯ. ಒಂದೇ ಕುಟುಕಿನಲ್ಲಿ ಎರಡು ದಾನಗಳಿಗೆ ಅವಕಾಶ ಒದಗಿದೆ. ಆ ಮನೆಯ ಹಿರಿಯರು ಸುಮ್ಮನಿರದೆ ಎದ್ದು ಸೊಸೆಯ ಕೈಯಿಂದ ಮುಳ್ಳನ್ನು ತೆಗೆಯಲಿ, ಮೊಮ್ಮಗನ ಕೈಯಿಂದ ಪಂಜನ್ನು ಇಳಿಸಲಿ. ಪರ್ವದ ಕೊನೆಯಲ್ಲಿ ಬರುವ ಕ್ಷಮಾವಾಣಿಯ ದಿನ ಅವರು ಸರ್ವಜೀವಗಳ ಕ್ಷಮೆಯನ್ನು ಬೇಡುವಾಗ, ಸೂರಿನಡಿಯ ಆ ಚತುರಿಂದ್ರಿಯ ಜೀವಗಳೂ ಆ ಮಾತಿನೊಳಗೆ ಬದುಕಿರಲಿ.